ಅವಳ ತಾಟು ನೋಡುವುದನ್ನು ಬಿಡಿ

ನನ್ನ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯಷ್ಟೇ ಅವಳನ್ನು ದಣಿಸಿದ್ದು ನಮ್ಮ ಮಂದಿಯ ಒಂದು ಪ್ರಶ್ನೆ: "ಏನ ತಿಂದಿದ್ದಿ ಯವ್ವಾ?"

ಹೊಟ್ಟೆ ಕೆಟ್ಟರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಊಟ. ರಂಜಕ ಜಾಸ್ತಿ ಆಯಿತು, ಮಿರ್ಚಿ ತಿಂದಳು, ಉಷ್ಣ ಆಯಿತು. ರಕ್ತ ಕಂಡರೆ ಮೂಲವ್ಯಾಧಿ ಅಂತ ಮನೆಯಲ್ಲೇ ತೀರ್ಮಾನ. ಆದರೆ ರಕ್ತದ ಜೊತೆ ಲೋಳೆ, ಪದೇ ಪದೇ ಭೇದಿ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಅವಸರ, ಹೋಗಿ ಬಂದರೂ ಮತ್ತೆ ಹೋಗಬೇಕು ಅನ್ನಿಸುವುದು, ಇದೆಲ್ಲ ವಾರಗಟ್ಟಲೆ ಇದ್ದರೆ ಸುಮ್ನೆ ಮುಲಾಮು ಹಚ್ಚಿಕೊಂಡು ಕೂರಬೇಡಿ. ಆಮಶಂಕೆಯಂಥ ಸೋಂಕೂ ಹೀಗೇ ಕಾಣಬಹುದು. ಮಲ ಪರೀಕ್ಷೆ, ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವುದು), ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು) ಆದ ಮೇಲೇ ಖಚಿತವಾಗುವುದು.

ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಖಾರದಿಂದ ಹುಟ್ಟುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕೆರಳಿದಾಗ ಖಾರ ತಡೆಯದು ಅಂತ ತಂಗಿ ಮೆತ್ತನೆ ಅನ್ನ ಉಣ್ಣುತ್ತಾಳೆ. ಆರಾಮ ಇದ್ದಾಗ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ನಡೆಯುತ್ತದೆ. ಏನು ಒಗ್ಗುತ್ತದೆ ಅಂತ ಅವಳಿಗೆ ಗೊತ್ತು. ಅವಳ ತಾಟು ನಾವೇಕೆ ನೋಡಬೇಕು?

ಕೇಳುವುದೇ ಆದರೆ ಗುಳಿಗೆ ಬಗ್ಗೆ ಕೇಳಿ. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಅನ್ನು ಆರಾಮ ಆದ ಮೇಲೂ ಡಾಕ್ಟರ್ ಹೇಳುವವರೆಗೆ ತಗೊಳ್ಳಬೇಕು. ಬಿಟ್ಟರೆ ಕಾಯಿಲೆ ಮತ್ತೆ ಕೆರಳುವ ಸಾಧ್ಯತೆ ಜಾಸ್ತಿ. "ಆರಾಮ ಆಗೇತಲ್ಲ, ಇನ್ನ ಯಾಕ ಗುಳಿಗಿ?" ಅನ್ನುವ ನೆಂಟರ ಮಾತಿನಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನು ತಟ್ಟನೆ ಬಿಡುವಂತಿಲ್ಲ, ಡಾಕ್ಟರೇ ಹಂತಹಂತವಾಗಿ ಇಳಿಸುತ್ತಾರೆ. ಅದನ್ನು ತಗೊಳ್ಳುವ ದಿನಗಳಲ್ಲಿ ಅದರಿಂದಲೇ ತಂಗಿಯ ಮುಖ ಉಬ್ಬಿತ್ತು. "ಮೈ ಹತ್ತೇತಿ, ಆರಾಮ ಆದಿ ಬಿಡು" ಅಂದವರೂ ಇದ್ದರು. ಅವಳು ಏನೂ ಹೇಳದೆ ಎದ್ದು ಒಳಗೆ ಹೋದಳು. ಇನ್ನೊಂದು ಮಾತು, ತಲೆನೋವು, ಮಂಡಿನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ಗುಳಿಗೆಗಳನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಕಾಯಿಲೆ ಶುರುವಾಗಿ 8 ವರ್ಷ ಆದ ಮೇಲೆ ಕರುಳಿನ ಕ್ಯಾನ್ಸರ್‌ ಮೇಲೆ ಕಣ್ಣಿಡಲು ಆಗಾಗ ಕೊಲೊನೋಸ್ಕೋಪಿ ಮಾಡಿಸಬೇಕಾಗುತ್ತದೆ. ಇದನ್ನು ಮನೆಯವರೂ ನೆನಪಿಡಬೇಕು, ಅಲ್ವಾ?

ಧಾರವಾಡದಲ್ಲಿ ಹುಬ್ಬಳ್ಳಿಯ ಚಿಗರಿ ಬಸ್ಸು ಹತ್ತುವ ಮೊದಲೇ ಅವಳ ತಲೆಯಲ್ಲಿ ಶೌಚಾಲಯದ ಲೆಕ್ಕ ಶುರುವಾಗಿರುತ್ತದೆ. ನವನಗರದಲ್ಲಿ ಇಳಿದರೆ ಯಾವ ಹೋಟೆಲ್, ಉಣಕಲ್‌ನಲ್ಲಿ ಇಳಿದರೆ ಯಾವ ಪೆಟ್ರೋಲ್ ಬಂಕ್. ಹುಬ್ಬಳ್ಳಿ ತನಕ ಆ ಲೆಕ್ಕ ನಿಲ್ಲುವುದಿಲ್ಲ. ಗದಗಿನ ಮದುವೆಗೆ ಬರಲಿಲ್ಲ ಅಂತ ಸಿಟ್ಟಾದವರು ಇದನ್ನೂ ತಿಳಿದುಕೊಳ್ಳಲಿ. ಮುಂದಿನ ಸಲ ಕಲ್ಯಾಣ ಮಂಟಪದಲ್ಲಿ ಶೌಚಾಲಯ ಎಲ್ಲಿದೆ, ಚಿಲಕ ಬೀಳುತ್ತದಾ, ನೀರು ಬರುತ್ತದಾ ಅಂತ ಮೊದಲೇ ನೋಡಿ, ಅವಳಿಗೊಂದು ಫೋನ್ ಮಾಡಿ ಹೇಳಿ. ಬರುತ್ತಾಳೆ.