ಮೂಲೆ ಸೈಟಿನ ಕಾಂಪೌಂಡ್

ಬೆಳಿಗ್ಗೆ ಹಾಲು ತರಲು ಹೊರಟವಳು ಬರಿಗೈಲಿ ವಾಪಸ್ ಬಂದೆ. ಕೈ ಇನ್ನೂ ನಡುಗುತ್ತಿದೆ. ನಮ್ಮ ಬೀದಿಯ ತಿರುವಿನಲ್ಲಿ ಸ್ಕೂಟರ್ ತಿರುಗಿಸುತ್ತಿದ್ದೆ, ಆ ಕಡೆಯಿಂದ ಸೈಕಲ್ಲಿನಲ್ಲಿ ಒಬ್ಬ ಹುಡುಗ ಬಂದ. ಅವನ ಮುಂದಿನ ಚಕ್ರ ನನ್ನ ಮಡ್‌ಗಾರ್ಡಿಗೆ ತಾಗಿ ನಿಂತಿತು. ಇಬ್ಬರದೂ ಜೋರೇನಿರಲಿಲ್ಲ. ನಡುವೆ ಇದ್ದದ್ದು ಮೂಲೆ ಸೈಟಿನ ಹೊಸ ಕಾಂಪೌಂಡ್. ಏಳಡಿ ಎತ್ತರ, ಸಿಮೆಂಟ್ ಬ್ಲಾಕು, ಒಂದು ಕಿಂಡಿಯೂ ಇಲ್ಲ. ಮೊದಲು ಅಲ್ಲಿ ದಾಸವಾಳದ ಬೇಲಿಯಿತ್ತು. ಎಲೆಗಳ ಸಂದಿಯಲ್ಲಿ ಎದುರು ಬರುವವರ ಅಂಗಿಯ ಬಣ್ಣವಾದರೂ ಕಾಣುತ್ತಿತ್ತು.

ಮನೆಯ ಪ್ಲ್ಯಾನಿಗೆ ಅನುಮತಿ ಬೇಕೆಂದು ಚಿಕ್ಕಮಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಕಾಂಪೌಂಡ್ ಅಂದ ಕೂಡಲೇ ಮಾತ್ರ, "ಅದಕ್ಕೂ ಕೇಳ್ಬೇಕಾ, ಮೇಸ್ತ್ರಿಗೆ ಹೇಳಿದ್ರೆ ಆಯ್ತು" ಅನ್ನುತ್ತೇವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ತೆಗೆದು ನೋಡಿ. ಸಾಮಾನ್ಯ ಕಾಂಪೌಂಡ್ 1.5 ಮೀಟರ್, ಅಂದರೆ ಐದಡಿಯಷ್ಟು. ಮೂಲೆ ಸೈಟಾದರೆ ರಸ್ತೆ ಕೂಡುವ ಕಡೆ ಎರಡೂ ಬದಿ 10 ಮೀಟರ್ ಉದ್ದಕ್ಕೆ ಗೋಡೆ 0.75 ಮೀಟರ್ ಮಾತ್ರ. ಅದರ ಮೇಲೆ ಬೇಕಿದ್ದರೆ ಆಚೆ ಕಾಣುವ ಗ್ರಿಲ್ಲು. ಅದು ಮಾದರಿ ನಿಯಮ, ಊರೂರಿನ ಬೈಲಾ ಬೇರೆಯಿರಬಹುದು. ಆದರೆ ಎರಡೂವರೆ ಅಡಿ ಅಂತ ಬರೆದವರು ಸೈಕಲ್ ಮೇಲಿನ ಮಗುವಿನ ಕಣ್ಣು ಎಲ್ಲಿರುತ್ತದೆ ಎಂದು ಯೋಚಿಸಿದ್ದಾರೆ. ಆ ಕಣ್ಣು ನಮ್ಮೂರಿನಲ್ಲೂ ಅಷ್ಟೇ ಎತ್ತರದಲ್ಲಿದೆ.

ಇನ್ನೊಂದು ಮಾತು. ಆ ಎತ್ತರವನ್ನು ಅಳೆಯುವುದು ರಸ್ತೆಯ ನಡುಮಧ್ಯದ ಮಟ್ಟದಿಂದ. ನಮ್ಮದು ಇಳಿಜಾರಿನ ಊರು. ಸೈಟಿಗೆ ಮೂರಡಿ ಮಣ್ಣು ತುಂಬಿಸಿ ಮೇಲೆ ಐದಡಿ ಕಟ್ಟಿದರೆ ಒಳಗಿನವರಿಗೆ ಐದಡಿ, ಬೀದಿಗೆ ಎಂಟಡಿ.

ಕಳ್ಳರ ಭಯ, ದನ ನುಗ್ಗಿ ಗಿಡ ಮೇಯುತ್ತವೆ ಅನ್ನುತ್ತಾರೆ. ದನವನ್ನು ಗ್ರಿಲ್ಲೂ ತಡೆಯುತ್ತದೆ. ಕಳ್ಳನಿಗಂತೂ ಒಳಗೆ ಇಳಿದ ಮೇಲೆ ಬೀದಿಗೆ ಕಾಣದ ಗೋಡೆಯೇ ಅನುಕೂಲ. ಈ ವಾದ ನಾನು ಒಪ್ಪಲ್ಲ.

ಒಂದು ಒಪ್ಪಿಕೊಳ್ಳುತ್ತೇನೆ. ನಮ್ಮನೆ ಕಾಂಪೌಂಡನ್ನೂ ಯಾರನ್ನೂ ಕೇಳದೆ ಕಟ್ಟಿಸಿದ್ದೆವು. ಕಾರು ಹಿಂದಕ್ಕೆ ತೆಗೆಯುವಾಗ ಗೇಟಿನ ಪಕ್ಕದ ಗೋಡೆ ರಸ್ತೆಯನ್ನೇ ಮುಚ್ಚುತ್ತದೆ. ಇಷ್ಟು ವರ್ಷ ಹಾರ್ನ್ ಹೊಡೆದು ಸಮಾಧಾನ ಪಟ್ಟುಕೊಂಡೆ. ಮೇಸ್ತ್ರಿಗೆ ಈಗಷ್ಟೇ ಫೋನ್ ಮಾಡಿದೆ, ಭಾನುವಾರ ಬಂದು ಮೂರು ವರಸೆ ಇಳಿಸುತ್ತಾರೆ.

ಆ ಹುಡುಗ ಮೊಣಕೈ ಒರೆಸಿಕೊಳ್ಳುತ್ತಾ "ಸಾರಿ ಆಂಟಿ" ಅಂದ. ಅವನು ಯಾಕೆ ಸಾರಿ ಕೇಳಬೇಕು? ಸಂಜೆ ಆರಕ್ಕೆ ಮೂಲೆ ಮನೆಯವರ ಹತ್ತಿರ ಮಾತಾಡಲು ಹೋಗುತ್ತಿದ್ದೇನೆ. ಬೀದಿಯವರು ಯಾರಾದರೂ ಜೊತೆಗೆ ಬನ್ನಿ.