ಈರುಳ್ಳಿ ಸಿಪ್ಪೆಗೆ ಪ್ರಮೋಷನ್

ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಸೊಸೈಟಿಯಲ್ಲಿ ಈಗ ಯಾರಿಗೂ ಮಂಡಿನೋವಿಲ್ಲ, ಸೊಂಟನೋವಿಲ್ಲ. ಎಲ್ಲರಿಗೂ ಇರೋದು ಇನ್‌ಫ್ಲಮೇಶನ್, ಅಂದರೆ ಉರಿಯೂತ. ಶೆಟ್ರಿಗೆ ಗಂಟಿನಲ್ಲಿ, ನಮ್ಮತ್ತಿಗೆಗೆ ಹೊಟ್ಟೆಯಲ್ಲಿ, ಸೆಕ್ರೆಟರಿಗೆ ಸ್ವಭಾವದಲ್ಲಿ.

ಭಾನುವಾರ ಟೈ ಕಟ್ಟಿದ ಹುಡುಗನೊಬ್ಬ ಬಂದು ಗಿಡಗಳಲ್ಲಿರೋ ಫ್ಲೇವನಾಯ್ಡ್ ಅನ್ನೋ ವಸ್ತುಗಳ ಬಗ್ಗೆ ಒಂದು ಗಂಟೆ ಮಾತಾಡಿದ. ಅದರಲ್ಲೂ ಕ್ವೆರ್ಸೆಟಿನ್ ಅಂತ ಒಂದಿದೆಯಂತೆ. ಉರಿಯೂತ ಇಳಿಯುತ್ತೆ, ಶುಗರ್ ಹಿಡಿತಕ್ಕೆ ಬರುತ್ತೆ, ಹೊಟ್ಟೆ ಕರಗುತ್ತೆ. ಡಬ್ಬಿಗೆ 1,800 ರೂಪಾಯಿ.

"ಇದರೊಳಗೆ ಎಂತ ಉಂಟು?" ಎಂದರು ಶೆಟ್ರು.

"ಈರುಳ್ಳಿ ಸಿಪ್ಪೆಯ ಸಾರ, ಅಂಕಲ್."

ಮಾಟುಂಗಾದಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದ ಮನುಷ್ಯ. ದಿನಕ್ಕೊಂದು ಗೋಣಿ ಸಿಪ್ಪೆ ಕಸಕ್ಕೆ ಹಾಕಿಸಿದವರು. ಒಂದು ನಿಮಿಷ ಮಾತೇ ಹೊರಡಲಿಲ್ಲ. ಆಮೇಲೆ ಎರಡು ಡಬ್ಬಿ ತಗೊಂಡರು.

ಹುಡುಗ ಪೂರ್ತಿ ಸುಳ್ಳು ಹೇಳಲಿಲ್ಲ, ಅದೇ ತೊಂದರೆ. ಈರುಳ್ಳಿಯ ಹೊರ ಪದರಗಳಲ್ಲೇ ಕ್ವೆರ್ಸೆಟಿನ್ ಜಾಸ್ತಿ. ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಉರಿಯೂತ ತಗ್ಗಿಸೋದೂ ನಿಜ. ಆದರೆ ಆ ಜೀವಕೋಶ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಬೇಕಾಗಿಲ್ಲ, ರಾತ್ರಿ ಹನ್ನೊಂದಕ್ಕೆ ಊಟ ಮಾಡಬೇಕಾಗಿಲ್ಲ. ನಾವು ನುಂಗಿದ್ದರಲ್ಲಿ ರಕ್ತಕ್ಕೆ ಸೇರೋದು ಸ್ವಲ್ಪವೇ. ಉಳಿದದ್ದರಲ್ಲಿ ಹೆಚ್ಚಿನದು ಕರುಳಿನ ಬ್ಯಾಕ್ಟೀರಿಯಾಗಳ ಪಾಲು.

ಕೋಕೋದಲ್ಲಿರೋ ಫ್ಲೇವನಾಲ್ ಅನ್ನೋ ಇನ್ನೊಂದು ಬಗೆಯ ಫ್ಲೇವನಾಯ್ಡ್ ಮೇಲೆ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯೇ ನಡೆದಿದೆ. 21,000ಕ್ಕೂ ಹೆಚ್ಚು ಜನ, ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ, ಮೂರು ವರ್ಷಕ್ಕೂ ಮೇಲೆ. ಫಲಿತಾಂಶ 2022ರಲ್ಲಿ ಬಂತು. ಹೃದಯದ ತೊಂದರೆಗಳು ಒಟ್ಟಾರೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಹೃದಯರೋಗದ ಸಾವು ಮಾತ್ರ 27 ಪರ್ಸೆಂಟ್ ಕಡಿಮೆ ಕಂಡಿತು. ಅದು ಪರೀಕ್ಷೆಯ ಮುಖ್ಯ ಪ್ರಶ್ನೆ ಆಗಿರಲಿಲ್ಲ. ಹುಡುಗನ ಸ್ಲೈಡಿನಲ್ಲಿ ಯಾವುದು ದಪ್ಪಕ್ಷರದಲ್ಲಿತ್ತು ಅಂತ ಬೇರೆ ಹೇಳಬೇಕಾ?

ಇಂಥ ಪ್ರಮೋಷನ್ ಹೊಸದೇನಲ್ಲ. 1936ರಲ್ಲೇ ಸೆಂಟ್ ಜ್ಯೋರ್ಜಿ ಎಂಬ ಹಂಗೇರಿಯ ವಿಜ್ಞಾನಿ ಈ ವಸ್ತುಗಳಿಗೆ 'ವಿಟಮಿನ್ ಪಿ' ಅಂತ ಪಟ್ಟ ಕಟ್ಟಿದ್ದರು. ಆಮೇಲೆ ಇದು ವಿಟಮಿನ್ನೇ ಅಲ್ಲ ಅಂತ ಗೊತ್ತಾಗಿ ಪಟ್ಟ ಇಳಿಸಿದರು.

ಅತ್ತಿಗೆಯೂ ಒಂದು ಡಬ್ಬಿ ತಂದು ಅಡುಗೆಮನೆಯಲ್ಲಿ ಇಟ್ಟರು. ಅದರ ಹಿಂದೆ ಊರಿಂದ ತಂದ ಒಣ ಪುನರ್ಪುಳಿ ಮಳೆಗಾಲದಿಂದ ಬೂಸ್ಟು ಹಿಡಿಯುತ್ತಾ ಕೂತಿದೆ. ಅದರ ಕೆಂಪು ಬಣ್ಣವೂ ಫ್ಲೇವನಾಯ್ಡೇ. ಪಾಪ, ಅದಕ್ಕೆ ಟೈ ಇಲ್ಲ, ಸ್ಲೈಡಿಲ್ಲ.

ಉಪನ್ಯಾಸದ ಕೊನೆಗೆ ವಡಾ ಪಾವ್ ಕೊಟ್ಟರು. ಎಲ್ಲರೂ ಎರಡೆರಡು ತಿಂದರು, ಕ್ಯಾಪ್ಸೂಲ್ ಇದೆಯಲ್ಲಾ ಅನ್ನೋ ಧೈರ್ಯದಲ್ಲಿ.

ಸಂಜೆ ಸ್ಟೇಷನ್ ಹತ್ತಿರ ಶೆಟ್ರು ಸಿಕ್ಕಿದರು. ಚೀಲದಲ್ಲಿ ಎರಡೂ ಡಬ್ಬಿ. ಈರುಳ್ಳಿ ಗಾಡಿಯ ಮುಂದೆ ನಿಂತು ಒಂದೊಂದೇ ಗಡ್ಡೆ ಎತ್ತಿ, ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಉದುರಿಸಿ ತಕ್ಕಡಿಗೆ ಹಾಕುತ್ತಿದ್ದರು.

"ಅದೆಂತ ಮಾರಾಯ್ರೇ?" ಎಂದೆ.

"ಮತ್ತೆ? ಸಿಪ್ಪೆಗೆಲ್ಲ ಯಾರು ದುಡ್ಡು ಕೊಡ್ತಾರೆ?"