39 ದಿನಕ್ಕೆ ಮೇಷ್ಟ್ರೇ ಮನೆಗೆ

ಕೊನೆಯ ಸೀಟಿ ಊದಿ ಇಪ್ಪತ್ತು ನಿಮಿಷವೂ ಕಳೆದಿರಲಿಲ್ಲ, ಅಷ್ಟರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ ತರಬೇತುದಾರ ಆಂಜ್ ಪೊಸ್ಟೆಕೊಗ್ಲು ಅವರನ್ನು ಮನೆಗೆ ಕಳುಹಿಸಿದ ಸುದ್ದಿ ಬಂದಾಗಿತ್ತು. 39 ದಿನ, ಎಂಟು ಪಂದ್ಯ, ಎರಡು ಡ್ರಾ, ಆರು ಸೋಲು. ಲೆಕ್ಕ ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ ಒಂದು ಬಾಣಂತನ ಮುಗಿಯುವುದಕ್ಕೂ ಇದಕ್ಕಿಂತ ಹೆಚ್ಚು ದಿನ ಬೇಕಾಗುವಾಗ, ಒಂದು ತಂಡದ ಆಟವನ್ನೇ ಬುಡದಿಂದ ಬದಲಿಸಲು ಕರೆಸಿಕೊಂಡವರಿಗೆ ಇಷ್ಟು ದಿನ ಸಾಕೆಂದು ಯಾವ ಪಂಚಾಂಗ ನೋಡಿ ನಿರ್ಧರಿಸಿದರು ಎಂಬುದನ್ನು ಯಾರಾದರೂ ನನಗೆ ತಿಳಿಸಬೇಕು.

ಪೊಸ್ಟೆಕೊಗ್ಲು ಅವರನ್ನು ಫಾರೆಸ್ಟ್ ನೇಮಿಸಿಕೊಂಡದ್ದು 2025ರ ಸೆಪ್ಟೆಂಬರ್ 9ರಂದು. ಆಟಗಾರರನ್ನು ಕೊಳ್ಳುವ, ಮಾರುವ ಅವಧಿಯಾದ ಟ್ರಾನ್ಸ್‌ಫರ್ ವಿಂಡೋ ಮುಚ್ಚಿದ್ದು ಸೆಪ್ಟೆಂಬರ್ 1ರಂದು. ಸಂತೆ ಮುಗಿದು ಎಂಟು ದಿನವಾದ ಮೇಲೆ ಅಡುಗೆಯವರನ್ನು ಕರೆಸಿ, ಮನೆಯಲ್ಲಿರುವ ಹುರುಳಿಯಲ್ಲೇ ಹೋಳಿಗೆ ಮಾಡಿ ಎಂದಂತಾಯಿತು. ಅವರಿಗಿಂತ ಮೊದಲಿದ್ದ ನೂನೊ, ಇಡೀ ತಂಡವನ್ನು ತಮ್ಮ ಗೋಲಿನ ಮುಂದೆ ಗೋಡೆಯಂತೆ ನಿಲ್ಲಿಸಿ, ಚೆಂಡು ಸಿಕ್ಕಿದೊಡನೆ ಎದುರಾಳಿಯ ಅಂಗಳಕ್ಕೆ ನುಗ್ಗುವುದನ್ನು ಕಲಿಸಿದ್ದರು. ಇವರೋ, ರಕ್ಷಣೆಯ ಸಾಲನ್ನೇ ಮೈದಾನದ ನಡುಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸುವವರು. ವಾರದ ನಡುವೆ ಕಪ್ ಪಂದ್ಯ, ವಾರದ ಕೊನೆಗೆ ಲೀಗ್ ಪಂದ್ಯ, ಅದರ ಮಧ್ಯೆ ಅರ್ಧಕ್ಕರ್ಧ ಆಟಗಾರರು ತಂತಮ್ಮ ದೇಶದ ಪರವಾಗಿ ಆಡಲು ಹೊರಟುಬಿಡುತ್ತಾರೆ. ಇಂಥದ್ದರಲ್ಲಿ ಹಳೆಯ ಪಾಠವನ್ನು ಮರೆಸಿ ಹೊಸದನ್ನು ಕಲಿಸುವುದು ಯಾವಾಗ?

ನಾನು ಫಾರೆಸ್ಟ್‌ನ ಅಭಿಮಾನಿಯಲ್ಲ, ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬಿನವನು. ಇದು ಎಂಥ ಹಣೆಬರಹ ಎಂದು ಗೊತ್ತಿರುವವರಿಗೆ ನನ್ನ ಸಂಕಟವೂ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ, ನಮ್ಮ ಕಾಲಮಾನದ ಪ್ರಕಾರ ನಡುರಾತ್ರಿ ದಾಟಿದ ಮೇಲೆ, ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1-0ಯಿಂದ ಸೋಲಿಸಿ ಯುರೋಪಿನ ಕ್ಲಬ್‌ಗಳ ಎರಡನೆಯ ದರ್ಜೆಯ ಕಪ್ ಆದ ಯುರೋಪಾ ಲೀಗ್ ಗೆದ್ದುಕೊಟ್ಟವರು ಆಗ ನಮ್ಮ ತರಬೇತುದಾರರಾಗಿದ್ದ ಇದೇ ಪೊಸ್ಟೆಕೊಗ್ಲು. 2008ರ ನಂತರ ನಮಗೆ ಬಂದ ಮೊದಲ ಕಪ್ ಅದು. ನಡುಮನೆಯಲ್ಲಿ ದೀಪ ಹಾಕದೆ, ಹೆಂಡತಿ ಮಕ್ಕಳಿಗೆ ಎಚ್ಚರವಾಗಬಾರದೆಂದು ಬಾಯಿಗೆ ದಿಂಬು ಒತ್ತಿಕೊಂಡು ಅತ್ತಿದ್ದೆ. ಹದಿನಾರು ದಿನಕ್ಕೆ ಅವರನ್ನು ತೆಗೆದುಹಾಕಿದರು. ಇಪ್ಪತ್ತು ತಂಡಗಳ ಲೀಗ್‌ನಲ್ಲಿ ಹದಿನೇಳನೆಯ ಸ್ಥಾನ, ಇಪ್ಪತ್ತೆರಡು ಸೋಲು, ಅದೂ ನಿಜವೇ.

ಇನ್ನು ಇವತ್ತಿನ ಸಂಜೆಯ ವಿಷಯ. ಹಬ್ಬಕ್ಕೆಂದು ದಾವಣಗೆರೆಯ ಮಾವನ ಮನೆಗೆ ಬಂದಿದ್ದೇವೆ. ಫಾರೆಸ್ಟ್ ಪಂದ್ಯ ಐದು ಗಂಟೆಗೆ. ಎದುರಾಳಿ ಚೆಲ್ಸಿ, ನನ್ನ ಭಾವಮೈದುನನ ತಂಡ. ವಿರಾಮದ ತನಕ ಗೋಲಿಲ್ಲದೆ ಸಮವಾಗಿದ್ದುದರಿಂದ ನಾನು ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಒಬ್ಬ ಮನುಷ್ಯನ ಮೇಲೆ ನಂಬಿಕೆ ಇಟ್ಟು ಕಾಯುವುದು ಎಂದರೇನು ಎಂಬುದರ ಕುರಿತು ಸುಮಾರು ಹತ್ತು ನಿಮಿಷ ಮಾತನಾಡಿದೆ. ಕೋಡುಬಳೆ ಹಿಟ್ಟು ನಾದುತ್ತಿದ್ದ ಅತ್ತೆಯವರೂ ಕೇಳಿಸಿಕೊಂಡರು. ವಿರಾಮದ ನಂತರ ಕೆಲವೇ ನಿಮಿಷಗಳ ಅಂತರದಲ್ಲಿ ಚೆಲ್ಸಿಯ ಎರಡು ಗೋಲು ಬಿದ್ದವು, ಕೊನೆಗೆ ಮೂರನೆಯದೂ ಬಿತ್ತು. ಕಾಲನ್ನು ಯಾವಾಗ ಇಳಿಸಿದೆನೋ ನನಗೇ ತಿಳಿಯಲಿಲ್ಲ.

ಸುದ್ದಿ ಬಂದಾಗ ಭಾವಮೈದುನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವನು ಮೊಬೈಲ್ ತೆಗೆದು, ಹೆಬ್ಬೆರಳಿನಿಂದ ಮೇಲಕ್ಕೆ ಮೇಲಕ್ಕೆ ಸರಿಸುತ್ತ ಹೋದ. ಎಷ್ಟು ಹೊತ್ತು ಸರಿಸಿದನೆಂದರೆ ನನಗೆ ಅಷ್ಟರಲ್ಲೇ ಹೊಟ್ಟೆಯೊಳಗೆ ಏನೋ ಕಲಕಿತು. ಆಮೇಲೆ ಮೊಬೈಲನ್ನು ಕೈ ಚಾಚಿ ದೂರ ಹಿಡಿದು, ವಾರ್ತೆ ಓದುವವರ ಧಾಟಿಯಲ್ಲಿ, "ಜನವರಿ 26, ರಾತ್ರಿ ಒಂಬತ್ತೂವರೆ. ಬರೆದವರು, ನಮ್ಮ ಭಾವ" ಎಂದು ಆರಂಭಿಸಿದ. "ಈ ಆಸಾಮಿಯನ್ನು ಇವತ್ತೇ ರಾತ್ರಿ ಆಚೆಗೆ ಹಾಕಿ. ನಾಳೆ ಬೆಳಗ್ಗೆ ಎದ್ದು ಇವನ ಮುಖ ನೋಡುವುದು ನನ್ನಿಂದಾಗದು."

ಲೆಸ್ಟರ್ ತಂಡ ನಮ್ಮ ಟಾಟೆನ್‌ಹ್ಯಾಮ್ ಮೈದಾನಕ್ಕೇ ಬಂದು 2-1ರಿಂದ ಗೆದ್ದುಹೋದ ರಾತ್ರಿ ಅದು. ಗೆಳೆಯರ ಗುಂಪಿಗೆ ಹೋಗಬೇಕಾಗಿದ್ದ ಸಂದೇಶವನ್ನು ಆವೇಶದಲ್ಲಿ ಮಾವನ ಮನೆಯ ವಾಟ್ಸ್ಯಾಪ್ ಗುಂಪಿಗೆ ಕಳುಹಿಸಿದ್ದೆ. ಮೇಲಿನ ಮನೆಯ ಬಾಡಿಗೆಯವರೊಂದಿಗೆ ಜಗಳವಾಯಿತೇನೋ ಎಂದು ಅತ್ತೆಯವರು ಗಾಬರಿಯಿಂದ ಫೋನ್ ಕೂಡ ಮಾಡಿದ್ದರು. ಇವತ್ತು ಅವರಿಗೆ ಅರ್ಥವಾಯಿತು. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು, "ಅಯ್ಯೋ, ಆವತ್ತು ನೀವು ಬೈದದ್ದೂ ಇವರನ್ನೇನಾ?" ಎಂದು ಕೇಳಿದರು. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು.

ಜನವರಿಯಲ್ಲಿ ಗಾಯಗಳಿಂದಾಗಿ ರಕ್ಷಣೆಯ ರೊಮೆರೊ ಇರಲಿಲ್ಲ, ವ್ಯಾನ್ ಡೆ ವೆನ್ ಇರಲಿಲ್ಲ, ಗೋಲ್‌ಕೀಪರ್ ವಿಕಾರಿಯೊ ಇರಲಿಲ್ಲ. ಮಿಡ್‌ಫೀಲ್ಡ್‌ನಲ್ಲಿ ಆಡಬೇಕಾದ ಹದಿನೆಂಟು ವರ್ಷದ ಹುಡುಗನನ್ನು ರಕ್ಷಣೆಯ ನಡುವೆ ನಿಲ್ಲಿಸಿಕೊಂಡು ಚಳಿಗಾಲ ದಾಟಿಸುತ್ತಿದ್ದರು. ಅದೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಹಾಗಾದರೆ ಇವತ್ತು ಯಾವ ಮುಖವಿಟ್ಟುಕೊಂಡು ಕೂಗಾಡುತ್ತಿದ್ದೇನೆ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ನಾನು ಬಾಯಿ ಸಡಿಲಿರುವ ಒಬ್ಬ ಅಭಿಮಾನಿ, ಕ್ಲಬ್ಬಿನ ಮಾಲೀಕನಲ್ಲ. ಅವರಿಗಾದರೂ ಬುದ್ಧಿ ಬೇಡವೇ?

ಅದೂ ಆ ಮೈದಾನದಲ್ಲಿ! ಫಾರೆಸ್ಟ್‌ನ ಮೈದಾನವಾದ ಸಿಟಿ ಗ್ರೌಂಡ್‌ನ ಒಂದು ಸ್ಟ್ಯಾಂಡಿಗೆ ತರಬೇತುದಾರ ಬ್ರಯನ್ ಕ್ಲಫ್ ಹೆಸರಿದೆ. 1974ರಲ್ಲಿ ಲೀಡ್ಸ್ ಕ್ಲಬ್ 44 ದಿನಕ್ಕೇ ಹೊರಗಟ್ಟಿದ ಮನುಷ್ಯ ಅವರು. ಮರುವರ್ಷ ಫಾರೆಸ್ಟ್‌ಗೆ ಬಂದು ಹದಿನೆಂಟು ವರ್ಷ ಉಳಿದರು, 1979 ಮತ್ತು 1980ರಲ್ಲಿ ಎರಡು ಯುರೋಪಿಯನ್ ಕಪ್ ಗೆದ್ದರು. ಮನುಷ್ಯ ಅದೇ, ತಲೆ ಅದೇ, ಕಾದವರು ಮಾತ್ರ ಬೇರೆ. 1990ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ತರಬೇತುದಾರ ಅಲೆಕ್ಸ್ ಫರ್ಗ್ಯುಸನ್ ಅವರ ಕೆಲಸ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಮಾರ್ಕ್ ರಾಬಿನ್ಸ್ ಹೊಡೆದ ಒಂದು ಗೋಲಿನಿಂದ ಅವರು ಉಳಿದುಕೊಂಡರು ಎನ್ನುತ್ತಾರಲ್ಲ, ಆ ಪಂದ್ಯ ನಡೆದದ್ದೂ ಇದೇ ಅಂಗಳದಲ್ಲಿ. ಅವರು ಬಂದು ಮೂರು ವರ್ಷ ದಾಟಿತ್ತು, ಒಂದು ಕಪ್ಪೂ ಸಿಕ್ಕಿರಲಿಲ್ಲ. 2013ರ ತನಕ ಇದ್ದರು. ಇವತ್ತಾಗಿದ್ದರೆ ಆ ಮೂರು ವರ್ಷದಲ್ಲಿ ಆರು ಜನ ಬಂದು ಹೋಗಿರುತ್ತಿದ್ದರು.

ಇದನ್ನೆಲ್ಲ ಮಾವನವರಿಗೆ ವಿವರಿಸಲು ಹೋದೆ. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಪೂರ್ತಿ ಕೇಳಿದ ಮೇಲೆ, "ಅಲ್ಲ ಅಳಿಯಂದಿರೇ, ಹುಡುಗರು ಫೇಲಾದರೆ ನಮ್ಮಲ್ಲಿ ಮೇಷ್ಟ್ರಿಗೆ ಹೆಚ್ಚೆಂದರೆ ವರ್ಗಾವಣೆ ಆಗುತ್ತಿತ್ತು. ಇವರನ್ನು ಕೆಲಸದಿಂದಲೇ ತೆಗೆದರೆ, ಫೇಲಾದ ಹುಡುಗರನ್ನು ಏನು ಮಾಡುತ್ತಾರೆ?" ಎಂದರು. ಏನೂ ಮಾಡುವುದಿಲ್ಲ. ಮಾಡುವುದಕ್ಕೂ ಆಗುವುದಿಲ್ಲ. ಇಪ್ಪತ್ತೈದು ಆಟಗಾರರ ಒಪ್ಪಂದಗಳು ಇನ್ನೂ ವರ್ಷಗಟ್ಟಲೆ ಇರುತ್ತವೆ, ಅವರನ್ನು ಮಾರಬೇಕೆಂದರೆ ಜನವರಿಯ ತನಕ ವಿಂಡೋ ತೆರೆಯುವುದಿಲ್ಲ. ಒಬ್ಬನಿಗೆ ಪರಿಹಾರ ಕೊಟ್ಟು ಕಳುಹಿಸುವುದೇ ಅಗ್ಗ. ಕೊನೆಯ ಮೂರು ಸ್ಥಾನಕ್ಕೆ ಬಿದ್ದರೆ ಕೆಳಗಿನ ಡಿವಿಷನ್‌ಗೆ ಇಳಿಯಬೇಕು, ಟಿವಿ ಹಣದಲ್ಲೇ ನೂರಾರು ಕೋಟಿ ರೂಪಾಯಿ ಹೋಗುತ್ತದೆ. ಆ ಭಯವಿದ್ದವರು ಅಕ್ಟೋಬರ್‌ನಲ್ಲೇ ಕತ್ತಿ ಎತ್ತದೆ ಇನ್ನೇನು ಮಾಡುತ್ತಾರೆ? ಇರಲಿ, ಅವರ ದುಡ್ಡು, ಅವರ ಕ್ಲಬ್.

ಇರಲಿ ಎಂದು ಬರೆದ ಕೂಡಲೇ ಮತ್ತೆ ಮೈ ಉರಿಯುತ್ತಿದೆ. ಫಾರೆಸ್ಟ್ ತೆಗೆದುಹಾಕಿದ ನೂನೊ ಮೂರೇ ವಾರದಲ್ಲಿ ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ಹೋಗಿ ಕುಳಿತರು, ಅಲ್ಲಿದ್ದ ಪಾಟರ್ ಅವರನ್ನು ಎಬ್ಬಿಸಿ. ಅದೇ ನೂನೊ ಅವರನ್ನು 2021ರಲ್ಲಿ ನಮ್ಮ ಟಾಟೆನ್‌ಹ್ಯಾಮ್ ಹತ್ತು ಲೀಗ್ ಪಂದ್ಯಕ್ಕೇ ಕಳುಹಿಸಿತ್ತು. ಕೆಲಸ ಬರುವುದಿಲ್ಲ ಎಂದು ಒಬ್ಬರು ತೆಗೆದವರನ್ನೇ ಇನ್ನೊಬ್ಬರು ಕರೆದು ಕೂರಿಸಿಕೊಳ್ಳುತ್ತಾರೆ ಎಂದರೆ, ತೆಗೆದವರು ಮೂರ್ಖರೋ, ಕೂರಿಸಿಕೊಂಡವರೋ? ಯಾರಾದರೂ ಉತ್ತರಿಸಿ. ಚೆಲ್ಸಿಯವರು ಬೇಡ.

ರಾತ್ರಿ ಹನ್ನೊಂದೂವರೆ ದಾಟಿದೆ, ಕೆಳಗೆ ಇನ್ನೂ ನಗು ನಿಂತಿಲ್ಲ. ಮಹಡಿಯ ಮೇಲೆ ಕುಳಿತು ಆ ಜನವರಿಯ ಸಂದೇಶವನ್ನು ಹುಡುಕಿ ಹಿಡಿದೆ, ಒತ್ತಿ ಹಿಡಿದೆ. 'ಎಲ್ಲರಿಗೂ ಅಳಿಸು' ಎಂಬ ಆಯ್ಕೆ ಈಗ ಬರುತ್ತಿಲ್ಲ. 'ನನಗೆ ಮಾತ್ರ ಅಳಿಸು' ಎಂಬುದೊಂದೇ ಉಳಿದಿದೆ.